ನಲವತ್ತೇಳನೇ ಟ್ಯೂಬು

ನಮ್ಮ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನ ನಾನು ಹೇಳಿಕೊಡುವುದು ಒಂದೇ ಪಾಠ. ರಕ್ತದ ಟ್ಯೂಬನ್ನು ಯಂತ್ರದಲ್ಲಿಟ್ಟು ಗರಗರ ತಿರುಗಿಸಿದರೆ ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದುಕೊಂಡು, ಫ್ರೀಜರಿಗೆ ಇಡುವ ಮುಂಚೆ ಒಂದು ಬಿಳಿ ಕಾಗದದ ಮುಂದೆ ಹಿಡಿದು ನೋಡಬೇಕು. ಒಣಹುಲ್ಲಿನ ಬಣ್ಣವಿದ್ದರೆ ಸರಿ. ಎಳ್ಳಷ್ಟು ಗುಲಾಬಿ ಕಂಡರೂ ಚೆಲ್ಲಿಬಿಡಬೇಕು, ಮತ್ತೆ ರಕ್ತ ತೆಗೆಯಬೇಕು. "ಇಲ್ಲಿ ಕಣ್ಣಿಗೆ ದಯೆ ದಾಕ್ಷಿಣ್ಯ ಇರಬಾರದು" ಎಂದು ಹನ್ನೊಂದು ಜನಕ್ಕೆ ಹೇಳಿಕೊಟ್ಟಿದ್ದೇನೆ. ಒಬ್ಬಳನ್ನು ಬೈದು ಅಳಿಸಿದ್ದೂ ಇದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ಹಲ್ಲಿ ನಾನು, ಎಲ್ಸಿರಾ.

ನಮ್ಮ ಆಂತೊಫಗಾಸ್ತಾದಲ್ಲಿ ನನ್ನ ಅಣ್ಣನ ಓರಗೆಯವರಿಗೆಲ್ಲ ಒಂದು ಶಾಪವಿದೆ. ಚಿಲಿಯ ಈ ಮರಳುಗಾಡಿನ ಊರಿಗೆ ಐವತ್ತೆಂಟರಲ್ಲಿ ಬೆಟ್ಟದ ಮೇಲಿನ ನದಿಯಿಂದ ನೀರು ತಂದರು. ನಲ್ಲಿ ತಿರುಗಿಸಿದರೆ ನೀರು ಎಂದು ನಮ್ಮಮ್ಮ ಕುಣಿದಾಡಿದ್ದಳಂತೆ. ಆ ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ಅದನ್ನು ಸೋಸುವ ಘಟಕ ಬಂದದ್ದು ಎಪ್ಪತ್ತರಲ್ಲಿ. ನಡುವಿನ ಹನ್ನೆರಡು ವರ್ಷ ಅದನ್ನೇ ಕುಡಿದು ಬೆಳೆದ ಮಕ್ಕಳ ಶ್ವಾಸಕೋಶದಲ್ಲಿ ಎಷ್ಟೋ ವರ್ಷ ಕಳೆದ ಮೇಲೆ ಗಡ್ಡೆಗಳು ಏಳುತ್ತವೆ. ಅಣ್ಣ ನಿಬಾಲ್ದೊ ಹುಟ್ಟಿದ್ದು ಐವತ್ತೇಳರಲ್ಲಿ, ನಾನು ಎಪ್ಪತ್ತೊಂದರಲ್ಲಿ. ಒಂದೇ ಮನೆ, ಒಂದೇ ನಲ್ಲಿ. ಅವನ ಪಾಲಿಗೆ ವಿಷ ಬಂತು, ನನ್ನ ಪಾಲಿಗೆ ನೀರು.

ಹದಿನಾಲ್ಕು ವರ್ಷ ದೊಡ್ಡವನಾದ್ದರಿಂದ ಅವನು ನನಗೆ ಅರ್ಧ ಅಣ್ಣ, ಅರ್ಧ ಅಪ್ಪ. ಅಮ್ಮ ಬಂದರಿನಲ್ಲಿ ಮೀನು ಹೆಚ್ಚಲು ಹೋದರೆ ನನ್ನ ಜಡೆ ಹಾಕಿ ಶಾಲೆಗೆ ಬಿಡುತ್ತಿದ್ದವನು ಅವನೇ. ಜಡೆ ಸೊಟ್ಟಗಿರುತ್ತಿತ್ತು, ಅದು ಬೇರೆ ಮಾತು. ನನ್ನನ್ನು "ಸಣಕಲಿ" ಎಂದೇ ಕರೆಯುತ್ತಿದ್ದ. ನಲವತ್ತು ದಾಟಿ ನಾನು ಡುಮ್ಮಿಯಾದ ಮೇಲೂ ಹೆಸರು ಬದಲಾಗಲಿಲ್ಲ. ವಾರವೆಲ್ಲ ಬಸ್ಸುಗಳ ಗ್ಯಾರೇಜಿನಲ್ಲಿ ಕೆಲಸ, ಭಾನುವಾರ ನಮ್ಮ ಬಡಾವಣೆಯ ಮಣ್ಣಿನ ಮೈದಾನದಲ್ಲಿ ಫುಟ್‌ಬಾಲ್ ರೆಫ್ರಿ. ಮೂವತ್ತು ವರ್ಷ ಊರಿನವರ ಬೈಗುಳವನ್ನೆಲ್ಲ ತಿಂದಿದ್ದಾನೆ. ಒಮ್ಮೆ ಕಲ್ಲೇಟು ಬಿದ್ದು ಹುಬ್ಬು ಸೀಳಿ ರಕ್ತ ಸುರಿಯುವಾಗಲೂ ಕೊಟ್ಟ ತೀರ್ಪು ವಾಪಸು ತೆಗೆದುಕೊಂಡಿರಲಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ.

ಎರಡು ಸಾವಿರದ ಹದಿನೆಂಟರ ಫೆಬ್ರವರಿಯಲ್ಲಿ ಆ ಸೀಟಿ ಊದಲು ಉಸಿರು ಸಾಲದೆ ಆಸ್ಪತ್ರೆಗೆ ಹೋದ. ಬಲಗಡೆಯ ಶ್ವಾಸಕೋಶದಲ್ಲಿ ಗಡ್ಡೆ. ಕೊಯ್ದು ತೆಗೆಯುವ ಜಾಗದಲ್ಲಿ ಇರಲಿಲ್ಲ. ಔಷಧದ ಜೊತೆಗೆ ಮೂವತ್ಮೂರು ಸಲ ವಿಕಿರಣ ಕೊಡಬೇಕು, ಕೊಟ್ಟರೆ ಗುಣವಾಗುವ ಆಸೆ ಉಂಟು ಎಂದರು ಕ್ಯಾನ್ಸರ್ ಡಾಕ್ಟರು.

ಅದೇ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನನ್ನ ಕೆಲಸ. ಡಾಕ್ಟರ್ ಗೊಯಿಕ್ ಎಂಬ ಹಿರಿಯರ ಕೈಕೆಳಗೆ ಹದಿನೈದು ವರ್ಷದಿಂದ ಟ್ಯೂಬು ತೊಳೆದು, ಟ್ಯೂಬು ತುಂಬಿ, ಟ್ಯೂಬು ಎಣಿಸಿದವಳು. ಆಗ ಅವರು ಶ್ವಾಸಕೋಶದ ಕ್ಯಾನ್ಸರಿನವರ ರಕ್ತ ತೆಗೆದು, ಅದರಲ್ಲಿರುವ ಮೈಕ್ರೋಆರ್‌ಎನ್‌ಎಗಳನ್ನು ಅಳೆದು, ಯಾರ ಗಡ್ಡೆ ವಿಕಿರಣಕ್ಕೆ ಬಗ್ಗುತ್ತದೆ, ಯಾರದು ಬಗ್ಗುವುದಿಲ್ಲ ಎಂದು ಮೊದಲೇ ತಿಳಿಯಬಹುದೇ ಎಂದು ನೋಡುತ್ತಿದ್ದರು. ಅಣ್ಣನೂ ಅದಕ್ಕೆ ಹೆಸರು ಕೊಟ್ಟ.

ಭಾನುವಾರದ ಸಂಜೆ ಚಹಾ ಅಣ್ಣನ ಮನೆಯಲ್ಲೇ. ಅತ್ತಿಗೆ ಮಿರ್ತಾ ಬಿಸಿ ಬ್ರೆಡ್ಡು ಮುರಿದು, ಬೆಣ್ಣೆಹಣ್ಣು ಅರೆದು ಮುಂದಿಡುತ್ತಿದ್ದಳು. ಅಂದು ಅಣ್ಣ ಬಾಯಿ ತುಂಬ ತಿನ್ನುತ್ತ ಕೇಳಿದ.

"ಅಲ್ವೇ ಸಣಕಲಿ, ನನ್ನ ರಕ್ತದಲ್ಲಿ ನೀವು ಏನು ಹುಡುಕ್ತೀರಿ? ಚಿನ್ನಾನಾ?"

"ಚೀಟಿ ಹುಡುಕ್ತೀವಿ" ಎಂದೆ. "ನಿನ್ನ ಮೈಯ ಒಂದೊಂದು ಕಣದಲ್ಲೂ ಒಂದು ಅಡುಗೆ ಪುಸ್ತಕ ಇದೆ ಅಂದ್ಕೋ. ಅದನ್ನ ನೋಡ್ಕೊಂಡು ಏನು ಬೇಕೋ ಅದನ್ನ ಕಣ ಬೇಯಿಸ್ಕೊಳ್ಳತ್ತೆ. ಈ ಮೈಕ್ರೋಆರ್‌ಎನ್‌ಎ ಅನ್ನೋದು ಸಣ್ಣ ಚೀಟಿ. 'ಇವತ್ತು ಈ ಅಡುಗೆ ಬೇಡ' ಅಂತ ತಡೆಯೋದು ಅದರ ಕೆಲ್ಸ."

"ಹಳದಿ ಕಾರ್ಡು!"

"ಹೂಂ, ಹಳದಿ ಕಾರ್ಡು. ಈಗ ವಿಕಿರಣ ಬಿದ್ರೆ ಗಡ್ಡೆಯ ಕಣ ಒಳಗೊಳಗೇ ಹರಿದುಹೋಗತ್ತೆ. ಅಷ್ಟು ಪೆಟ್ಟು ಬಿದ್ದ ಕಣ ತಾನಾಗೇ ಸಾಯ್ಬೇಕು, ಅದು ನಿಯಮ. ಆದ್ರೆ ಕೆಲವು ಗಡ್ಡೆ ಇಂಥಾ ಚೀಟಿಗಳನ್ನ ರಾಶಿ ರಾಶಿ ಮಾಡ್ಕೊಂಡು, ಸಾಯೋಕೆ ಬೇಕಾದ ಅಡುಗೇನೇ ತಡೆದುಬಿಡತ್ತೆ. ಹರಿದದ್ದನ್ನ ಹೊಲ್ಕೊಂಡು ಎದ್ದು ಕೂರತ್ತೆ."

ಅಣ್ಣ ಮೇಜು ಗುದ್ದಿ ನಕ್ಕ. "ಗೊತ್ತಾಯ್ತು ಬಿಡು. ಕಾಲು ಮುರೀತು ಅಂತ ನೆಲದಲ್ಲಿ ಹೊರಳಾಡಿ, ರೆಫ್ರಿ ಆ ಕಡೆ ತಿರುಗಿದ ತಕ್ಷಣ ಎದ್ದು ಓಡ್ತಾರಲ್ಲ, ಆ ಜಾತಿ. ಅಂಥವ್ರನ್ನ ನೂರು ಜನಾನ ನೋಡಿದೀನಿ."

"ನೀವಿಬ್ರೂ ಅಡುಗೆ, ಕಾರ್ಡು ಅಂತ ಆಡ್ತಿರಿ" ಎಂದಳು ಮಿರ್ತಾ. "ಮೂವತ್ಮೂರು ಸಲ ತಪ್ಪಿಸ್ದೆ ಹೋಗಿ ಬರಬೇಕು ನೀನು. ಅಷ್ಟೇ ನಂಗೆ ಗೊತ್ತಿರೋದು."

ಅವಳಿಗೆ ಗೊತ್ತಿದ್ದುದೇ ಸರಿಯಾದದ್ದು. ನಮಗೆ ಗೊತ್ತಿದ್ದುದು ಜಾಸ್ತಿಯಾಯಿತು.

ರಕ್ತ ತೆಗೆಯುವ ದಿನ ನರ್ಸು ಎರಡು ಸಲ ಚುಚ್ಚಿದಳು, ನರ ಸಿಗಲಿಲ್ಲ. ಕಲ್ಲೇಟಿಗೆ ಜಗ್ಗದ ನನ್ನಣ್ಣ ಸೂಜಿಗೆ ಹೆದರಿ ಸುಣ್ಣದ ಹಾಗೆ ಬಿಳುಚಿಕೊಂಡಿದ್ದ. "ಬಿಡಮ್ಮಾ, ನಾನು ತೆಗೀತೀನಿ" ಎಂದು ನರ್ಸನ್ನು ಸರಿಸಿದೆ. ನೋವಾಗದಿರಲಿ ಎಂದು ಎಳೆಮಕ್ಕಳಿಗೆ ಬಳಸುವ ತೆಳು ಸೂಜಿ ತೆಗೆದುಕೊಂಡೆ. ಅಂಥ ಸೂಜಿಯಲ್ಲಿ ರಕ್ತ ಬರುವುದು ನಿಧಾನ. ಬೇಗ ಮುಗಿಸೋಣ ಎಂದು ಸಿರಿಂಜನ್ನು ಜೋರಾಗಿ ಎಳೆದೆ, ಆಮೇಲೆ ಅಷ್ಟೇ ಜೋರಾಗಿ ಟ್ಯೂಬಿಗೆ ಒತ್ತಿದೆ. ಈ ಮೂರೂ ಮಾಡಬಾರದ್ದು. ಸಣ್ಣ ತೂತಿನಲ್ಲಿ ಹಾಗೆ ನುಗ್ಗಿಸಿದರೆ ಕೆಂಪು ಕಣಗಳು ಒಡೆಯುತ್ತವೆ. ನಮ್ಮ ಪಟ್ಟಿಯ ಮುಖ್ಯವಾದ ಮೈಕ್ರೋಆರ್‌ಎನ್‌ಎ ಕೆಂಪು ಕಣಗಳ ಹೊಟ್ಟೆಯಲ್ಲೂ ತುಂಬಿರುತ್ತದೆ. ಕಣ ಒಡೆದರೆ ಅದೆಲ್ಲ ತಿಳಿಗೆ ಬಂದು ಸೇರುತ್ತದೆ, ಗಡ್ಡೆಯದೇ ಎಂಬಂತೆ ಲೆಕ್ಕಕ್ಕೆ ಬರುತ್ತದೆ. ಇದನ್ನೂ ನಾನೇ ಹನ್ನೊಂದು ಜನಕ್ಕೆ ಪಾಠ ಮಾಡಿದ್ದೆ.

ಯಂತ್ರದಲ್ಲಿ ತಿರುಗಿಸಿ, ತಿಳಿ ತೆಗೆದು, ಬಿಳಿ ಕಾಗದದ ಮುಂದೆ ಹಿಡಿದೆ. ಬೀಟ್‌ರೂಟ್ ಹೆಚ್ಚಿದ ಕೈ ತೊಳೆದ ನೀರಿನಷ್ಟು, ಅಷ್ಟೇ ಅಷ್ಟು ಗುಲಾಬಿ.

ಕಿಟಕಿಯಿಂದ ಕೆಳಗೆ ನೋಡಿದೆ. ಅಣ್ಣ ಅಂಗಳದ ಬೆಂಚಿನಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು, ಕಷ್ಟವೆಲ್ಲ ಕಳೆಯಿತು ಎಂಬ ಮುಖ ಮಾಡಿಕೊಂಡು ಕೂತಿದ್ದ. ನನ್ನನ್ನು ಕಂಡು ಕೈ ಬೀಸಿದ. ಮತ್ತೆ ಮೇಲೆ ಕರೆದು ನಾಲ್ಕನೇ ಸಲ ಚುಚ್ಚುವುದೇ? ಇಷ್ಟಕ್ಕೆ ಏನಾಗತ್ತೆ ಎಂದುಕೊಂಡೆ. ಫಾರಮಿನಲ್ಲಿ ಬಣ್ಣ ಎಂಬಲ್ಲಿ "ತಿಳಿ" ಎಂದು ಬರೆದೆ. ಹೆಸರು ಹಾಕುವ ಪದ್ಧತಿಯಿಲ್ಲ, ಸಂಖ್ಯೆ ಮಾತ್ರ. ಯಾರ ರಕ್ತ ಯಾವುದೆಂದು ಅಳೆಯುವವರಿಗೆ ಗೊತ್ತಾಗಬಾರದು ಎಂದೇ ಆ ಏರ್ಪಾಡು. ನನಗೆ ಗೊತ್ತಿತ್ತು. ನಲವತ್ತೇಳು.

ಮಾರ್ಚಿನಲ್ಲಿ ವಿಕಿರಣ ಶುರುವಾಯಿತು. ಗುರಿ ತಪ್ಪದಿರಲಿ ಎಂದು ಎದೆಯ ಮೇಲೆ ಮೂರು ಚುಕ್ಕೆ ಹಚ್ಚೆ ಹಾಕಿದ್ದರು. "ನೋಡೇ, ಮೂರು ಪೆನಾಲ್ಟಿ ಚುಕ್ಕೆ ಕೊಟ್ಟಿದಾರೆ. ಗೋಲ್‌ಕೀಪರ್ ಇಲ್ಲ ಪಾಪ!" ಎಂದು ಅಂಗಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ಮೊದಲ ಎರಡು ವಾರ ಹೀಗೆ ನಗುನಗುತ್ತ ಹೋಯಿತು. ಎರಡನೇ ವಾರ ಇನ್ನೊಂದು ಸಲ ರಕ್ತ ಕೊಡಬೇಕಿತ್ತು. ಅವತ್ತು ನಾನು ರಜೆಯಲ್ಲಿದ್ದೆ, ನರ್ಸೇ ತೆಗೆದಳು. ಮೂರನೇ ವಾರಕ್ಕೆ ಅನ್ನನಾಳ ಒಳಗೆ ಸುಟ್ಟು ಹುಣ್ಣಾಯಿತು. ಇದೆಲ್ಲ ಆಗುವಂಥದ್ದೇ, ನಿಲ್ಲಿಸಿದ ಮೇಲೆ ಮಾಯುವಂಥದ್ದೇ. ಆದರೆ ಬ್ರೆಡ್ಡಿಗಾಗಿ ಪ್ರಾಣ ಬಿಡುವ ಮನುಷ್ಯ ಚಹಾವನ್ನು ಆರಿಸಿ ಚಮಚದಲ್ಲಿ ಗುಟುಕರಿಸುತ್ತ, ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ.

ನಾಲ್ಕನೇ ವಾರ, ಎಲ್ಲರಿಂದ ಮೊದಲ ಸಲ ತೆಗೆದಿದ್ದ ಅರವತ್ತು ಟ್ಯೂಬುಗಳನ್ನು ಒಟ್ಟಿಗೆ ಅಳೆದೆವು. ಎಲ್ಲರಿಗಿಂತ ಮೇಲೆ, ಒಂಟಿಯಾಗಿ ನಿಂತಿತ್ತು ನಲವತ್ತೇಳು.

ಗುಲಾಬಿ ಬಣ್ಣ ನೆನಪಾಗಲಿಲ್ಲವೇ ಎಂದರೆ, ಇಲ್ಲ. ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲಿಲ್ಲವೋ, ಅದನ್ನು ನಾನೂ ಆಣೆಯಿಟ್ಟು ಹೇಳಲಾರೆ. ಕೆಟ್ಟ ಸುದ್ದಿ ಕಂಡಾಗ ಮನುಷ್ಯ ಅದು ಸುಳ್ಳಿರಬಹುದೇ ಎಂದು ಮೊದಲು ನೋಡುತ್ತಾನಂತೆ. ನಾನು ನೋಡಲಿಲ್ಲ.

ಆ ಭಾನುವಾರ ಮಿರ್ತಾ ಬ್ರೆಡ್ಡು ತರಲು ಬೀದಿ ತುದಿಗೆ ಹೋಗಿದ್ದಳು. ಹದಿನಾರು ಸಲ ಮುಗಿದಿತ್ತು, ಹದಿನೇಳು ಬಾಕಿ. ಅಣ್ಣ ಚಮಚ ಕೆಳಗಿಟ್ಟ.

"ಸಣಕಲಿ, ನನ್ನ ಚೀಟಿ ಓದಿದ್ಯಾ?"

"ಅದನ್ನ ಹೇಳೋ ಹಾಗಿಲ್ಲ ಅಣ್ಣ. ಸೈನ್ ಹಾಕಿದೀನಿ."

"ಒಳ್ಳೇ ಸುದ್ದಿ ಆಗಿದ್ರೆ ಸೈನೂ ಇಲ್ಲ ಗೀನೂ ಇಲ್ಲ, ಬೀದಿ ತುದಿಯಿಂದಾನೇ ಕೂಗ್ಕೊಂಡು ಬರ್ತಿದ್ದೆ ನೀನು."

ನಾನು ಅವನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದೆ.

"ನೋಡು, ನಂಗೆ ಎಂಜಲು ನುಂಗಕ್ಕೂ ಆಗ್ತಿಲ್ಲ. ಇನ್ನೂ ಹದಿನೇಳು ಸಲ ಆ ಹಲಗೆ ಮೇಲೆ ಮಲಗು ಅಂದ್ರೆ ಮಲಗ್ತೀನಿ. ಹಿಂದೆ ಸರಿಯೋನಲ್ಲ. ಆದ್ರೆ ಅದ್ರಿಂದ ಏನಾದ್ರೂ ಉಪಯೋಗ ಇದೆಯಾ? ಡಾಕ್ಟ್ರನ್ನ ಕೇಳಿದ್ರೆ 'ಇದೆ ಇದೆ' ಅಂತಾರೆ, ಅವ್ರು ಎಲ್ಲರಿಗೂ ಹಾಗೇ ಅಂತಾರೆ. ನೀನು ನನ್ನ ತಂಗಿ. ನೀನು ಹೇಳು."

ಹೇಳಿದೆ. "ನಿಂದು ಎಲ್ಲರಿಗಿಂತ ಜಾಸ್ತಿ ಬಂದಿದೆ ಅಣ್ಣ. ನಿನ್ನ ಗಡ್ಡೆ ವಿಕಿರಣಕ್ಕೆ ಬಗ್ಗೋ ಜಾತಿ ಅಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ಬರೀ ಅಂದಾಜು, ಅರವತ್ತು ಜನರ ಸಂಖ್ಯೆಯಿಂದ ಒಬ್ಬನ ಹಣೆಬರಹ ಹೇಳಲು ಬರುವುದಿಲ್ಲ, ಈ ಸಂಖ್ಯೆ ನೋಡಿ ಯಾವ ಡಾಕ್ಟರೂ ಯಾರ ಚಿಕಿತ್ಸೆಯನ್ನೂ ನಿಲ್ಲಿಸಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವನ ಸಂಕಟ ನೋಡಲಾಗಲಿಲ್ಲ, ನಿಜ. ಇನ್ನೊಂದು ನಿಜವೂ ಇದೆ, ಅದನ್ನು ಯಾರಿಗೂ ಹೇಳಿಲ್ಲ. ಹದಿನೈದು ವರ್ಷ ಟ್ಯೂಬು ತೊಳೆದವಳಿಗೆ ಒಂದು ದಿನ ಡಾಕ್ಟರಿಗಿಂತ ಹೆಚ್ಚು ಗೊತ್ತಿರುವವಳಾಗುವ ಅವಕಾಶ ಸಿಕ್ಕಿತ್ತು. ಥೂ ನನ್ನ ಜನ್ಮಕ್ಕೆ!

ಅಣ್ಣ ತಲೆಯಾಡಿಸಿದ. ಮಿರ್ತಾ ಬ್ರೆಡ್ಡಿನ ಚೀಲ ಹಿಡಿದು ಒಳಗೆ ಬಂದಳು. ಅವಳು ಕೂರುವುದಕ್ಕೂ ಬಿಡದೆ, "ನಾಳೆಯಿಂದ ನಾನು ಆಸ್ಪತ್ರೆಗೆ ಹೋಗಲ್ಲ. ಸಾಕಾಯ್ತು. ನನ್ ಕೈಲಾಗಲ್ಲ" ಎಂದ. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನ್ನ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಮಿರ್ತಾ ಅತ್ತಳು, ಕೂಗಾಡಿದಳು, ಡಾಕ್ಟರಿಂದ ಫೋನು ಮಾಡಿಸಿದಳು. "ಕಲ್ಲೇಟು ತಿಂದೋನಂತೆ, ಎದೆಗಾರನಂತೆ! ಗಂಟಲು ಉರಿಗೆ ಹೆದರಿ ಓಡಿಬಂದ ಹೇಡಿ ನೀನು!" ಎಂದಳು. ಅಣ್ಣ ಸೀಟಿ ಒರೆಸುತ್ತ ಕೂತಿದ್ದ.

ಆಮೇಲಿನ ಎರಡು ತಿಂಗಳು, ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಿತ್ತು. ಗಂಟಲು ಮಾಯಿತು, ಬ್ರೆಡ್ಡು ತಿಂದ, ಮೀನಿನ ಸಾರು ಎರಡೆರಡು ಬಟ್ಟಲು ಕುಡಿದ. ಎರಡು ಭಾನುವಾರ ಚಿಕ್ಕ ಹುಡುಗರ ಪಂದ್ಯಕ್ಕೆ ರೆಫ್ರಿಯಾಗಿ ನಿಂತ. ಸೀಟಿಯ ಸದ್ದು ಕ್ಷೀಣವಾಗಿತ್ತು, ಆದರೂ ಊದಿದ. ನಾನು ಮೈದಾನದ ಅಂಚಿನಲ್ಲಿ ನಿಂತು, ಹೇಗೂ ಉಪಯೋಗವಿಲ್ಲದ ನರಳಾಟ ತಪ್ಪಿಸಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಡಾಕ್ಟರ್ ಗೊಯಿಕ್ ಕರೆದರು. ಪ್ರಬಂಧ ಬರೆದು ಪತ್ರಿಕೆಗೆ ಕಳಿಸುವ ಮುಂಚೆ ಒಂದೊಂದು ಟ್ಯೂಬನ್ನೂ ಇನ್ನೊಂದು ಬಗೆಯಲ್ಲಿ ಪರೀಕ್ಷಿಸುತ್ತಿದ್ದರು, ಕೆಂಪು ಕಣ ಒಡೆದಿದ್ದರೆ ಸಿಕ್ಕಿಬೀಳಲಿ ಎಂದು. ಒಂದು ಫಾರಮನ್ನು ನನ್ನ ಮುಂದಿಟ್ಟರು.

"ಎಲ್ಸಿರಾ ಅವ್ರೇ, ಈ ನಲವತ್ತೇಳು ಪೂರ್ತಿ ಕೆಟ್ಟಿದೆ. ರಕ್ತ ಒಡೆದಿದೆ. ಇಲ್ಲಿ ನೋಡಿದ್ರೆ 'ತಿಳಿ' ಅಂತ ಬರೆದಿದೆ. ಯಾರ ಅಕ್ಷರ ಇದು?"

"ನಂದು ಡಾಕ್ಟ್ರೇ."

"ನಿಮ್ದಾ?" ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೋಗ್ಲಿ ಬಿಡಿ, ಎಂಥವ್ರಿಗೂ ಒಂದ್ಸಲ ಆಗತ್ತೆ. ಒಂದು ಟ್ಯೂಬು ತಾನೇ, ತೆಗೆದುಹಾಕೋಣ. ಇದೇ ರೋಗಿದು ಎರಡನೇ ವಾರದ್ದು ಒಂದಿದೆಯಲ್ಲ, ಅದನ್ನ ಅಳೆದುಬಿಡಿ."

ಒಂದು ಟ್ಯೂಬು ತಾನೇ. ನಾನು ಫ್ರೀಜರಿನ ಹತ್ತಿರ ಹೋದೆ.

ನರ್ಸು ತೆಗೆದಿದ್ದ ಟ್ಯೂಬು ಒಣಹುಲ್ಲಿನ ಬಣ್ಣದಲ್ಲಿ ಚೊಕ್ಕವಾಗಿತ್ತು. ಅಳೆದೆ. ನಂಬಿಕೆಯಾಗದೆ ಮತ್ತೆರಡು ಸಲ ಅಳೆದೆ. ಅರವತ್ತು ಜನರ ನಡುಗೆರೆಗಿಂತಲೂ ಕೆಳಗೆ. ಅಂದರೆ ಆ ಹದಿನೇಳು ಸಲ ಮುಗಿಸಿದ್ದರೆ ಗಡ್ಡೆ ಸಾಯುತ್ತಿತ್ತು ಎಂದೇ? ಅದನ್ನೂ ಈ ಸಂಖ್ಯೆ ಹೇಳಲಾರದು. ಅದು ಏನನ್ನೂ ಹೇಳುತ್ತಿರಲಿಲ್ಲ, ಹೇಳಿದವಳು ನಾನು. ಆಸೆ ಇದ್ದ ಕಡೆ ಇಲ್ಲ ಎಂದವಳು ನಾನು.

ಓಡಿದೆ ಕ್ಯಾನ್ಸರ್ ಡಾಕ್ಟರ ಹತ್ತಿರ. ಉಳಿದ ಹದಿನೇಳನ್ನು ಈಗ ಕೊಡಬಹುದೇ ಎಂದು ಕೇಳಿದೆ. ಅವರು ಹಿಂದಿನ ವಾರ ತೆಗೆದ ಸ್ಕ್ಯಾನು ತೋರಿಸಿದರು. ಎಡಗಡೆಯ ಶ್ವಾಸಕೋಶಕ್ಕೂ ಬೆನ್ನುಮೂಳೆಗೂ ಹರಡಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಣ್ಣನಿಗೆ ಹೇಳಲು ಮೂರು ವಾರ ಧೈರ್ಯ ಬರಲಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಹಬ್ಬ. ಮನೆಯ ಹಿಂದಿನ ದಿಬ್ಬದ ಮೇಲೆ ಊರಿನವರೆಲ್ಲ ಗಾಳಿಪಟ ಹಾರಿಸುತ್ತಿದ್ದರು. ಅಣ್ಣನನ್ನು ಕಂಬಳಿ ಹೊದಿಸಿ ಕುರ್ಚಿಯಲ್ಲಿ ಕೂರಿಸಿದ್ದೆವು. ಮಿರ್ತಾ ಕೆಳಗೆ ಮಾಂಸದ ಕಡುಬು ಬೇಯಿಸುತ್ತಿದ್ದಳು. ಅವನ ಕಾಲ ಬಳಿ ಕೂತು, ಸೂಜಿಯಿಂದ ಹಿಡಿದು ಸ್ಕ್ಯಾನಿನವರೆಗೆ ಒಂದೂ ಬಿಡದೆ ಹೇಳಿದೆ. ಅವನ ಮುಖ ನೋಡಲಾಗದೆ ಮೊಣಕಾಲು ನೋಡುತ್ತ ಹೇಳಿದೆ.

ಅಣ್ಣ ಕಂಬಳಿಯ ಅಂಚನ್ನು ಸರಿಮಾಡಿಕೊಂಡ. ಆಮೇಲೆ ಕೇಳಿದ.

"ನೋವಾಗ್ಬಾರ್ದು ಅಂತ ಸಣ್ಣ ಸೂಜಿ ತಗೊಂಡ್ಯಾ?"

"ಹೂಂ."

"ಅಯ್ಯೋ ಹುಚ್ಚಿ! ನಿಜ ಹೇಳ್ಲಾ, ಅದೂ ನೋವಾಯ್ತು."

ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗಾಳಿಪಟಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ. "ಮೇ ತಿಂಗಳಲ್ಲಿ ಹೇಳಿದ್ರೂ ಹೋಗ್ತಿದ್ದೆ ಕಣೇ. ಹದಿನೇಳಲ್ಲ, ಎಪ್ಪತ್ತು ಸಲ ಮಲಗು ಅಂದಿದ್ರೂ ಮಲಗ್ತಿದ್ದೆ."

ಅದೊಂದು ಮಾತು. ಅದನ್ನು ಅವನು ಮತ್ತೆ ಎಂದೂ ಆಡಲಿಲ್ಲ, ನಾನು ದಿನವೂ ಕೇಳಿಸಿಕೊಳ್ಳುತ್ತೇನೆ.

"ಬೈಯಿ ಅಣ್ಣ, ಹೊಡಿ" ಎಂದು ಅವನ ಕೈ ಹಿಡಿದುಕೊಂಡೆ.

"ಬೈದ್ರೆ? ಊದಿದ ಸೀಟಿ ಊದಿದ್ದೇ. ತಪ್ಪು ಪೆನಾಲ್ಟಿ ಕೊಟ್ಟೆ ಅಂತ ಮನೆಗೆ ಹೋದ್ಮೇಲೆ ಎಷ್ಟು ಸಲ ಗೊತ್ತಾಗಿದೆ ನಂಗೆ. ಮಾರನೇ ದಿನ ಹೋಗಿ ಗೋಲು ವಾಪಸ್ ತಗೊಳಕ್ಕಾಗತ್ತಾ?" ನನ್ನ ತಲೆಯ ಮೇಲೆ ಕೈಯಿಟ್ಟ. "ಒಂದು ಮಾತು ಕೊಡು. ಮಿರ್ತಾಗೆ ಇದನ್ನ ಹೇಳಕೂಡ್ದು. ನಾನು ಹೋದ್ಮೇಲೂ ಹೇಳಕೂಡ್ದು. ನಮಗೆ ಮಕ್ಕಳಿಲ್ಲ, ನಿಂಗೂ ಯಾರೂ ಇಲ್ಲ. ಇದು ಗೊತ್ತಾದ್ರೆ ಅವಳು ನಿಂಗೆ ಬಾಗಿಲು ತೆಗೆಯಲ್ಲ. ಆಮೇಲೆ ಭಾನುವಾರ ಇಬ್ರೂ ಒಬ್ಬೊಬ್ರೇ ಚಹಾ ಕುಡೀಬೇಕಾಗತ್ತೆ."

"ನಿನ್ನನ್ನ ಹೇಡಿ ಅಂತಾಳಲ್ಲ ಅಣ್ಣ, ದಿನಾ!"

"ಅನ್ಲಿ ಬಿಡೇ. ರೆಫ್ರಿಗೆ ಬೈಗುಳ ಹೊಸದಾ?"

ಮಾತು ಕೊಟ್ಟೆ.

ಅವನು ಮಾತ್ರ ಆ ಗುಟ್ಟನ್ನು ಕೊನೆಯವರೆಗೂ ಕಾಯ್ದ. ಮಿರ್ತಾಳ ಪ್ರೀತಿ ಬಾಯಿಬಡುಕ ಪ್ರೀತಿ. ದಿಂಬು ಸರಿಮಾಡುತ್ತ ಬೈಯುತ್ತಿದ್ದಳು, ಸೂಪು ಕುಡಿಸುತ್ತ ಬೈಯುತ್ತಿದ್ದಳು. "ಇನ್ನು ಮೂರು ವಾರ ತಡ್ಕೊಂಡಿದ್ರೆ ಇವತ್ತು ಓಡಾಡ್ಕೊಂಡು ಇರ್ತಿದ್ದೆ. ಗಂಡಸಂತೆ, ಗಂಡಸು!" ಅಣ್ಣ ಅವಳ ಕೈ ಸವರುತ್ತ, "ಹೌದೇ, ನಂಗೆ ಧೈರ್ಯ ಸಾಲ್ಲಿಲ್ಲ" ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಕೂತು ಚಹಾಕ್ಕೆ ಸಕ್ಕರೆ ಕಲಕುತ್ತಿದ್ದೆ. ನಾನು ಸಕ್ಕರೆ ಬಿಟ್ಟು ಆರು ವರ್ಷವಾಗಿತ್ತು. ಜನವರಿಯ ಒಂದು ಮಧ್ಯಾಹ್ನ ಅಣ್ಣ ತೀರಿಕೊಂಡ.

ಭಾನುವಾರದ ಚಹಾ ಅವನು ಹೇಳಿದಂತೆಯೇ ನಡೆಯಿತು. ನಾನೂ ಮಿರ್ತಾ, ಎದುರಿಗೆ ಅವನ ಫೋಟೊ. ಅವಳು ಫೋಟೊಗೂ ಬೈಯುತ್ತಿದ್ದಳು. ಹತ್ತು ತಿಂಗಳು ಹೀಗೆ ನುಂಗಿಕೊಂಡು ಬಂದೆ.

ನವೆಂಬರ್ ಒಂದು, ಸತ್ತವರನ್ನು ನೋಡಲು ಹೋಗುವ ದಿನ. ನಮ್ಮೂರಿನ ಬಿಸಿಲಿಗೆ ನಿಜವಾದ ಹೂವು ಸಂಜೆಯೊಳಗೆ ಒಣಗಿ ಹೋಗುತ್ತದೆ ಎಂದು ಮಿರ್ತಾ ಕಾಗದದ ಹೂವು ಕಟ್ಟಿದ್ದಳು. ಸ್ಮಶಾನದಲ್ಲಿ ಗೋಡೆಯುದ್ದಕ್ಕೂ ಶವಪೆಟ್ಟಿಗೆ ಇಟ್ಟು ಕಲ್ಲು ಮುಚ್ಚಿದ ಗೂಡುಗಳು, ಅಣ್ಣನದು ಎದೆಯೆತ್ತರದಲ್ಲಿ. ನಾನು ಪ್ಲಾಸ್ಟಿಕ್ ಬಾಟಲಿಯಲ್ಲಿ ನಲ್ಲಿ ನೀರು ಹಿಡಿದು ತಂದೆ. ಮಿರ್ತಾ ಬಟ್ಟೆ ಒದ್ದೆ ಮಾಡಿ ಕಲ್ಲಿನ ಮೇಲಿನ ಹೆಸರನ್ನು ಉಜ್ಜತೊಡಗಿದಳು.

"ಮೊನ್ನೆ ಮೈದಾನದವರು ಬಂದಿದ್ರು" ಎಂದಳು ಉಜ್ಜುತ್ತಲೇ. "ಈ ಸಲದ ಪಂದ್ಯದ ಕಪ್ಪಿಗೆ ಇವನ ಹೆಸರಿಡ್ತೀವಿ, ನೀವು ಬಂದು ಕೊಡ್ಬೇಕು ಅಂದ್ರು. ಬೇಡ ಅಂದೆ."

"ಯಾಕೆ ಅತ್ತಿಗೆ?"

"ಅರ್ಧಕ್ಕೇ ಆಟ ಬಿಟ್ಟು ಓಡಿಹೋದವನ ಹೆಸರಲ್ಲಿ ಎಂಥಾ ಕಪ್ಪು? ಕಾಯಿಲೆ ಇವನನ್ನ ಕೊಂದಿಲ್ಲ ಕಣೇ, ಹೇಡಿತನ ಕೊಂದದ್ದು. ಹಾಗಂತ ಅವ್ರ ಮುಖದ ಮೇಲೇ ಹೇಳ್ದೆ."

ಮೂವತ್ತು ವರ್ಷ ಕಲ್ಲು ತಿಂದು ನಿಂತವನ ಬಗ್ಗೆ, ಅವನ ಮೈದಾನದವರ ಮುಂದೆಯೇ ಆಡಿದ ಮಾತು.

"ಅವನು ಓಡಿಹೋಗಿಲ್ಲ ಅತ್ತಿಗೆ. ನಾನು ಓಡಿಸ್ದೆ."

ಅಲ್ಲೇ ನಿಂತು ಹೇಳಿದೆ. ಸೂಜಿ, ಟ್ಯೂಬು, ಬಣ್ಣ, ಬ್ರೆಡ್ಡು ತರಲು ಅವಳು ಹೋದ ಆ ಹತ್ತು ನಿಮಿಷ, ಗಾಳಿಪಟದ ದಿನ, ಕೊಟ್ಟ ಮಾತು. ಮಿರ್ತಾ ಬೆನ್ನು ತಿರುಗಿಸದೆ ಕೇಳಿದಳು. ಕಲ್ಲಿನ ಮೇಲೆ ಬಟ್ಟೆ ಹಿಡಿದ ಕೈ ಹಾಗೇ ನಿಂತಿತ್ತು.

ಕೆನ್ನೆಗೆ ಬಾರಿಸುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದು ಕಾದೆ. ಹಾಗಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಸೆಪ್ಟೆಂಬರಿಂದ ಗೊತ್ತಿತ್ತಾ ನಿಂಗೆ?" ಎಂದು ಕೇಳಿದಳು. ದನಿ ಎತ್ತರಿಸಲೇ ಇಲ್ಲ.

"ಆಗಸ್ಟಿಂದ."

"ಸತ್ತ ದಿನ ಬೆಳಗ್ಗೆ ನೀರು ಬೇಕು ಅಂದ. ಕುಡಿಸ್ತಾ ಏನಂದೆ ಗೊತ್ತಾ? 'ಅವತ್ತು ಹೇಡಿ ಥರ ಎದ್ದು ಬಂದ್ಯಲ್ಲ, ಅನುಭವಿಸ್ಕೋ' ಅಂದೆ. ಕೊನೇ ಮಾತು ಅದು. ಆಮೇಲೆ ಅವನಿಗೆ ಎಚ್ಚರಾನೇ ಇರ್ಲಿಲ್ಲ." ಈಗ ನನ್ನ ಕಡೆ ತಿರುಗಿದಳು. "ನೀನು ಅಲ್ಲೇ ಕೂತಿದ್ಯಲ್ಲೇ ಎಲ್ಸಿರಾ. ಚಹಾ ಕಲಕ್ತಾ ಇದ್ದೆ."

ನಾನು ಇಷ್ಟು ದಿನ ನನ್ನ ತಪ್ಪು ಒಂದೇ ಎಂದುಕೊಂಡಿದ್ದೆ. ಬಿಳಿ ಕಾಗದದ ಮುಂದೆ ಕಂಡದ್ದನ್ನು ಕಾಣಲಿಲ್ಲ ಎಂದೆ, ಅದರಿಂದ ಅಣ್ಣ ಹೋದ. ಮಿರ್ತಾಳ ಬಾಯಿಂದ ಬೀಳುತ್ತಿದ್ದ ಒಂದೊಂದು ಮಾತನ್ನೂ ತಡೆಯುವುದು ನನ್ನ ಕೈಯಲ್ಲೇ ಇತ್ತು ಎಂಬುದು ಆಗ ಹೊಳೆಯಿತು. ಅಣ್ಣ ಆ ಮಾತುಗಳನ್ನು ತಾನು ನುಂಗಿಕೊಂಡು ಹೋದ. ಆಡಿದವಳು ಅವನ್ನು ಇಟ್ಟುಕೊಂಡು ಬದುಕಬೇಕು.

"ಅತ್ತಿಗೆ, ಅವನೇ ಹೇಳ್ಬೇಡ ಅಂದಿದ್ದ" ಎಂದೆ.

"ಅವನು ಅಂದಿದ್ದು ನಿನ್ನನ್ನ ಉಳಿಸೋಕೆ. ನನ್ನನ್ನ ಉಳಿಸೋಕೆ ಯಾರಿದ್ರು?"

ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀನು ಹೋಗು. ನಂಗೆ ಇವನ ಹತ್ರ ಮಾತಾಡೋದಿದೆ."

ಹೋದೆ. ಗೇಟಿನ ಹತ್ತಿರ ತಿರುಗಿ ನೋಡಿದಾಗ ಅವಳು ಹಣೆಯನ್ನು ಕಲ್ಲಿಗೆ ಆನಿಸಿಕೊಂಡು ಏನೋ ಹೇಳುತ್ತಿದ್ದಳು. ಬೈಯುತ್ತಿರಲಿಲ್ಲ.

ಕಪ್ಪಿಗೆ ಅಣ್ಣನ ಹೆಸರಿಟ್ಟರು. ಮಿರ್ತಾ ತಾನೇ ಹೋಗಿ ಕೊಟ್ಟಳಂತೆ, ನನಗೆ ಬೇರೆಯವರು ಹೇಳಿ ಗೊತ್ತಾಯಿತು. ಅದರ ಮಾರನೇ ಭಾನುವಾರ ಐದು ಗಂಟೆಗೆ ಬ್ರೆಡ್ಡು ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗೆ ನೀರು ಕುದಿಯುವ ಸದ್ದು, ಬಟ್ಟಲು ಇಡುವ ಸದ್ದು ಕೇಳಿಸುತ್ತಿತ್ತು. ಎರಡು ಸಲ ತಟ್ಟಿದೆ. ಬ್ರೆಡ್ಡು ಕೈಯಲ್ಲಿ ಇನ್ನೂ ಬಿಸಿಯಿತ್ತು. ಮನೆಗೆ ಬಂದು ಒಬ್ಬಳೇ ಚಹಾ ಮಾಡಿಕೊಂಡೆ.